ಸಣ್ಣಗಾದದ್ದಲ್ಲ, ಸೊರಗಿದ್ದು

ದರ್ಜಿಯ ಕಣ್ಣಿಗೆ ಲೋಕದಲ್ಲಿ ಎರಡೇ ಥರದ ಜನ. ಹೊಟ್ಟೆ ಹೊಲಿಗೆಯೊಳಗೆ ನಿಲ್ಲುವವರು, ನಿಲ್ಲದವರು. ನಿಲ್ಲದವರು ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ನಮ್ಮ ದರ್ಜಿಗೆ ಎಲ್ಲಿಲ್ಲದ ಹುರುಪು. ಕೊರಳಲ್ಲಿ ನೇತಾಡುವ ಟೇಪು ಕೈಗೆ ಬರುವ ಮೊದಲೇ ಬುದ್ಧಿವಾದ ಬಾಯಿಗೆ ಬರುತ್ತಿತ್ತು. ಸಂಜೆ ನಡೆಯಿರಿ, ರಾತ್ರಿ ಕಡಿಮೆ ತಿನ್ನಿ, ಹೋದ ಸಲಕ್ಕಿಂತ ಎರಡು ಬೆರಳು ಹೆಚ್ಚಾಗಿದ್ದೀರಿ. ಈ ಮಾತಿಗೆ ಹೆದರಿ, ಅಳತೆ ಕೊಡಲು ಬಂದವರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದರು. ಆಮೇಲೆ ಪ್ಯಾಂಟು ಬಿಗಿಯಾಗಿ, ಬೈಗುಳ ದರ್ಜಿಗೇ ಬರುತ್ತಿತ್ತು.

ಇಂಥವನ ಅಂಗಡಿಯಲ್ಲೇ, ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ, ಆ ಬೀದಿಯ ಅತಿ ದಪ್ಪ ಬೆಕ್ಕು ಮಲಗುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಬೆಕ್ಕಿನ ಹೆಸರು ಗುಂಡಿ. ಅಂಗೈಯಷ್ಟಿದ್ದಾಗ ಅದು ಎಲ್ಲಿಂದಲೋ ಬಂದು ಗುಂಡಿಗಳ ಡಬ್ಬದೊಳಗೆ ಮಲಗಿತ್ತು. ದರ್ಜಿಯ ಅಕ್ಕ ಕೋಟಿಗೆ ಹಾಕುವ ಕರಿ ಗುಂಡಿ ಹುಡುಕುತ್ತಿದ್ದಾಗ ಕೈಗೆ ಬೆಚ್ಚಗಿನದೇನೋ ತಗುಲಿತು. ಹೆಸರು ಅಲ್ಲೇ ಬಿತ್ತು. ವರ್ಷ ಕಳೆದ ಹಾಗೆ ಬೆಕ್ಕು ಉರುಟಾಗುತ್ತ ಬಂದು, ಹೆಸರಿಟ್ಟದ್ದು ಅಂಗಿಯ ಗುಂಡಿ ಎಂದು, ಬೆಳೆದದ್ದು ಕಲ್ಲುಗುಂಡಿನ ಹಾಗೆ ಎಂದು ಬೀದಿಯವರು ನಗುತ್ತಿದ್ದರು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ದರ್ಜಿ ಅಳತೆ ತೆಗೆದು ಕತ್ತರಿಸುತ್ತಿದ್ದ, ಹೆಂಡತಿ ಮಿಷನ್ನು ತುಳಿಯುತ್ತಿದ್ದಳು, ಅಕ್ಕ ಕಿಟಕಿಯ ಬೆಳಕಿಗೆ ಕೂತು ಕಾಜಾ ಮಾಡಿ ಗುಂಡಿ ಹಾಕುತ್ತಿದ್ದಳು. ಅಕ್ಕ ಅವನ ಒಡಹುಟ್ಟಿದವಳು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ಅವಳಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ತಮ್ಮನ ಮನೆಯಲ್ಲಿದ್ದರೂ ತನ್ನ ಬೆರಳ ದುಡಿಮೆಯ ಮೇಲೇ ನಿಂತವಳು. ಆದರೂ ಎರಡನೇ ಸಲ ಬಡಿಸಿಕೊಳ್ಳುವಾಗ ಒಮ್ಮೆ ತಮ್ಮನ ಮುಖ ನೋಡಿಯೇ ಬಡಿಸಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅವಳದೇ ಎನ್ನುವಂಥದ್ದು ಇದ್ದರೆ ಅದು ಗುಂಡಿ ಒಂದೇ.

ಒಂದು ಸಲ ಲಸಿಕೆ ಹಾಕಿಸಲು ದರ್ಜಿಯೇ ಗುಂಡಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದ. ಅಲ್ಲಿಯ ಡಾಕ್ಟರಮ್ಮ ಅದನ್ನು ತಕ್ಕಡಿಯ ಮೇಲಿಟ್ಟು ತಲೆಯಾಡಿಸಿದರು. ಈ ತೂಕ ಇಳಿಸಲೇಬೇಕು, ಹೀಗೇ ಬಿಟ್ಟರೆ ಕಾಯಿಲೆ ಕಟ್ಟಿಟ್ಟ ಬುತ್ತಿ ಎಂದರು. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಹೇಳಿದರು. ಬೆಕ್ಕಿನ ತೂಕ ನಿಧಾನವಾಗಿ ಇಳಿಯಬೇಕು, ಉಪವಾಸ ಕೆಡವಬಾರದು, ಆಗಾಗ ತಂದು ತಕ್ಕಡಿಗೆ ಹಾಕಿಸಬೇಕು. ಮೊದಲ ಮಾತು ದರ್ಜಿಯ ಕಿವಿಗೆ ಬಿತ್ತು. ಎರಡನೆಯದನ್ನು ಹೇಳುವ ಹೊತ್ತಿಗೆ ಅವನು ಬುಟ್ಟಿಯ ಮುಚ್ಚಳ ಹಾಕುವುದರಲ್ಲಿದ್ದ.

ಮನೆಗೆ ಬಂದವನೇ ಪರದೆ ಸರಿಸಿ ಕಾನೂನು ಹೊರಡಿಸಿದ. ಇನ್ನು ಮೇಲೆ ಗುಂಡಿಗೆ ಊಟ ಹಾಕುವುದು ತಾನೊಬ್ಬನೇ, ಬೇರೆ ಯಾರೂ ಒಂದು ಚೂರೂ ಕೊಡಕೂಡದು. ಹಾಗೆಂದು ಅಕ್ಕನ ಕಡೆ ನೋಡಿದ. ಅಕ್ಕ ತಪ್ಪೇ ಮಾಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಾನು ತಿನ್ನಬಾರದ ಬಿಸ್ಕತ್ತನ್ನು ಅರ್ಧ ಮುರಿದು ಬೆಕ್ಕಿಗೆ ಕೊಟ್ಟು, ಉಳಿದರ್ಧ ತಾನು ತಿಂದು, ಇಬ್ಬರೂ ಬಾಯಿ ಒರೆಸಿಕೊಂಡು ಸಾಧುಗಳ ಹಾಗೆ ಕೂರುತ್ತಿದ್ದರು. ಆದರೆ ಬೆಕ್ಕು ದಪ್ಪಗಾದ ತಪ್ಪೆಲ್ಲ ಅವಳ ತಲೆಯ ಮೇಲೇ ಬಂತು. ಹೆಂಡತಿ ಮಿಷನ್ನಿನ ಹತ್ತಿರ ಇಡುತ್ತಿದ್ದ ಹಾಲಿನ ಬಟ್ಟಲಾಗಲಿ, ಊಟದ ಮೇಜಿನಿಂದ ದರ್ಜಿಯೇ ಎಸೆಯುತ್ತಿದ್ದ ಬ್ರೆಡ್ಡಿನ ಅಂಚಾಗಲಿ ಯಾರ ಲೆಕ್ಕಕ್ಕೂ ಬರಲಿಲ್ಲ.

ಊಟ ಅಳೆಯಲು ಅವನು ಆರಿಸಿದ್ದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಡಬ್ಬಿಯ ಮುಚ್ಚಳ. ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ, ಅಷ್ಟೇ. ಆಸ್ಪತ್ರೆಯ ತಕ್ಕಡಿ ಯಾಕೆ ಎಂದೂ ತೀರ್ಮಾನಿಸಿದ. ಅಳತೆಯಲ್ಲಿ ತನ್ನನ್ನು ಮೀರಿಸುವವರು ಯಾರಿದ್ದಾರೆ? ಭಾನುವಾರ ಬಂತೆಂದರೆ ಗುಂಡಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಹೊಟ್ಟೆಯ ಸುತ್ತ ಟೇಪು ಹಿಡಿದು, ಗಿರಾಕಿಗೆ ಹೇಳುವ ಹಾಗೆಯೇ ಅಳತೆಯನ್ನು ಗಟ್ಟಿಯಾಗಿ ಹೇಳುತ್ತಿದ್ದ. ಮೊದಮೊದಲು ಟೇಪು ಒಂದು ಗೆರೆಯೂ ಜಗ್ಗಲಿಲ್ಲ. ಎದುರಿನ ಗಡಿಯಾರ ರಿಪೇರಿಯವನು ದಿನಾ ಬಂದು, ಏನಪ್ಪಾ, ನಿನ್ನ ಗಿರಾಕಿ ಇಳಿದಳಾ ಎಂದು ಕೆಣಕಿ ಹೋಗುತ್ತಿದ್ದ.

ಆಮೇಲೆ ಒಂದು ಭಾನುವಾರ ಟೇಪು ಸಡಿಲವಾಯಿತು. ಮುಂದಿನ ವಾರ ಇನ್ನೂ ಸಡಿಲವಾಯಿತು. ದರ್ಜಿಯ ಖುಷಿಗೆ ಪಾರವಿಲ್ಲ. ಗಡಿಯಾರದವನನ್ನು ಕರೆದು ತೋರಿಸಿದ, ಬಂದ ಗಿರಾಕಿಗಳಿಗೆಲ್ಲ ತೋರಿಸಿದ. ಕೈಲಾಗದ ಪ್ರಾಣಿಯೇ ಇಷ್ಟು ಇಳಿಸಿಕೊಂಡಿದೆ, ಕೈಕಾಲು ಗಟ್ಟಿಯಿರುವ ನಿಮಗೇನು ಧಾಡಿ ಎಂದು ದಪ್ಪನೆಯವರನ್ನು ಚುಚ್ಚಿದ. ಗುಂಡಿಯ ಕೊರಳಪಟ್ಟಿ ದೊಗಳೆಯಾದಾಗ ತಾನೇ ಕೂತು ಅದನ್ನು ಬಿಗಿಯಾಗುವಂತೆ ಹಿಡಿದು ಹೊಲಿದ. ಪಟ್ಟಿ ಮತ್ತೆ ದೊಗಳೆಯಾಯಿತು. ಮತ್ತೆ ಹಿಡಿದ. ಬಟ್ಟೆ ದೊಗಳೆಯಾಗುವುದೆಲ್ಲ ಒಳ್ಳೆಯದಕ್ಕೇ ಎಂದು ನಂಬಿ ಬದುಕಿದವನು ಅವನು, ಬೇರೆ ಯೋಚನೆ ಹೊಳೆಯಲೇ ಇಲ್ಲ.

ಹೊಳೆಯಬೇಕಾದ್ದೆಲ್ಲ ಕಣ್ಣೆದುರೇ ಇತ್ತು, ಅದೇ ಸಂಕಟ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸಲು ಮೇಜಿನ ಮೂಲೆಯಲ್ಲಿ ಒಂದು ಬೋಗುಣಿ ಇರುತ್ತಿತ್ತು. ತುಂಬಿಟ್ಟ ಬೋಗುಣಿ ಮಧ್ಯಾಹ್ನದ ಹೊತ್ತಿಗೆ ಬರಿದು. ಬಿಸಿಲಿಗೆ ಆರಿರಬೇಕು ಎಂದು ದರ್ಜಿ ಮತ್ತೆ ತುಂಬಿಸುತ್ತಿದ್ದ. ಬಿಸಿಲಲ್ಲ, ಕುಡಿಯುತ್ತಿದ್ದದ್ದು ಗುಂಡಿ. ಅದು ಉಚ್ಚೆ ಹೊಯ್ಯುವ ಮರಳಿನ ತಟ್ಟೆ ದಿನವೂ ತೊಯ್ದು ಮುದ್ದೆಯಾಗಿರುತ್ತದೆ, ಎಷ್ಟು ಬದಲಾಯಿಸಿದರೂ ಸಾಲದು ಎಂದು ಹೆಂಡತಿ ಗೊಣಗಿದಳು. ನೀರು ಕುಡಿದರೆ ಕೊಬ್ಬು ಕರಗುತ್ತದೆ ಎಂದು ಅವನು ಅವಳಿಗೇ ಪಾಠ ಹೇಳಿದ. ಗಡಿಯಾರದವನ ಊಟದ ಡಬ್ಬಿಗೆ ಗುಂಡಿ ಬಾಯಿ ಹಾಕಿ ಮೀನೆಲ್ಲ ಮುಗಿಸಿ ಬಂತು. ಕಸದ ಬುಟ್ಟಿ ಕೆಡವಿ ಬ್ರೆಡ್ಡಿನ ಕಾಗದ ನೆಕ್ಕಿತು. ಇಷ್ಟೆಲ್ಲ ತಿಂದೂ ಇಳಿಯುತ್ತಿದೆಯಲ್ಲ, ಹೇಗೆ? ಎದುರಂಗಡಿಗೆ ನಡೆದು ಹೋಗಿ ಬರುತ್ತದೆ, ವ್ಯಾಯಾಮ ಆಗುತ್ತದೆ ಎಂದ ದರ್ಜಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಂಜೆ ಪರದೆಯ ಹತ್ತಿರ ನಿಂತು ಅದು ಊಟಕ್ಕೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಾಗಲೂ, ನಾಟಕಕ್ಕೆ ಮರುಳಾಗಬೇಡಿ ಎಂದು ಪರದೆ ಎಳೆದುಬಿಡುತ್ತಿದ್ದ.

ಅಕ್ಕನ ತೊಡೆಗೆ ಮಾತ್ರ ಬೇರೆಯೇ ಸುದ್ದಿ ತಿಳಿಯುತ್ತಿತ್ತು. ಮೊದಲು ಗುಂಡಿ ಬಂದು ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಈಗ ಕೂತದ್ದೇ ಗೊತ್ತಾಗುತ್ತಿರಲಿಲ್ಲ. ಬೆನ್ನು ಸವರಿದರೆ ಮೂಳೆಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಕೂದಲಿನ ಹೊಳಪು ಹೋಗಿತ್ತು. ಒಂದು ಭಾನುವಾರ ದರ್ಜಿ ಟೇಪು ಹಿಡಿದು ಅಳತೆ ಕೂಗಿದಾಗ ಅವಳು ಸೂಜಿ ನಿಲ್ಲಿಸಿ ಹೇಳಿದಳು.

"ತಮ್ಮಾ, ಇದು ಸಣ್ಣಗಾದದ್ದಲ್ಲ. ಸೊರಗಿದ್ದು."

ಎರಡೂ ಒಂದೇ ಅಲ್ಲವೇ ಎಂದ ದರ್ಜಿ.

"ಒಂದೇ ಅಲ್ಲ. ಸಣ್ಣಗಾದವರು ಲವಲವಿಕೆಯಾಗಿರ್ತಾರೆ. ಇವಳು ತಿನ್ನೋದು ಮೈಗೆ ಹತ್ತುತ್ತಿಲ್ಲ. ನೀರು ನೋಡಿದ್ರೆ ಬಿಡಲ್ಲ. ನನಗೆ ಕಾಯಿಲೆ ಇದೆ ಅಂತ ಗೊತ್ತಾಗೋ ಮುಂಚೆ ನಾನೂ ಹೀಗೇ ಇದ್ದೆ. ಒಂದ್ಸಲ ಡಾಕ್ಟರಿಗೆ ತೋರಿಸೋಣ."

ಅಂಗಡಿಯಲ್ಲಿ ಆಗ ಇಬ್ಬರು ಗಿರಾಕಿಗಳಿದ್ದರು, ಬಾಗಿಲಲ್ಲಿ ಗಡಿಯಾರದವನೂ ಇದ್ದ. ನಾಲ್ಕು ಜನರೆದುರು ತನ್ನ ಗೆಲುವಿನ ಮೇಲೆ ಅಕ್ಕ ನೀರು ಸುರಿದಂತಾಯಿತು ದರ್ಜಿಗೆ.

"ಬೆಕ್ಕಿಗೆ ಸಕ್ಕರೆ ಕಾಯಿಲೆಯಂತೆ! ಅಕ್ಕಾ, ಕಾಯಿಲೆ ಇರೋದು ನಿನಗೆ. ನೀನೇ ಇಟ್ಕೋ, ಊರಿಗೆಲ್ಲ ಹಂಚಬೇಡ."

ಎಲ್ಲರೂ ನಕ್ಕರು. ನಗುವಂತೆಯೇ ಹೇಳಿದ್ದ ಬಿಡಿ. ಅಕ್ಕ ತಾನೂ ನಕ್ಕ ಹಾಗೆ ಮಾಡಿ, ಕಾಜಾದ ಮೇಲೆ ತಲೆ ಬಗ್ಗಿಸಿದಳು. ಹೆಂಡತಿ ಮಾತ್ರ ಮಿಷನ್ನು ನಿಲ್ಲಿಸಿ ಗಂಡನನ್ನೇ ನೋಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ದಿನದ ನಂತರ ಅಕ್ಕ ಗುಂಡಿಯ ವಿಷಯ ಎತ್ತಲಿಲ್ಲ. ಎತ್ತದೇ ಇದ್ದದ್ದನ್ನು ದರ್ಜಿ ತನ್ನ ವಾದ ಗೆದ್ದಿತು ಎಂದೇ ತಿಳಿದ.

ಮಳೆಗಾಲ ಹಾಗೇ ಕಳೆಯಿತು. ಒಂದು ಬೆಳಿಗ್ಗೆ ಅವನು ಕೋಟಿನ ಬಟ್ಟೆ ಹರವಿ ಗುರುತು ಹಾಕುತ್ತಿದ್ದಾಗ ಗುಂಡಿ ಎಂದಿನಂತೆ ಮೇಜಿಗೆ ಹಾರಲು ಹೊರಟಿತು. ಮುಂಗಾಲು ಮೇಜಿನ ಅಂಚು ಮುಟ್ಟಿತು, ಹಿಂಗಾಲು ಮೇಲೆ ಬರಲಿಲ್ಲ. ಧೊಪ್ಪನೆ ಬಿತ್ತು. ಎದ್ದು ನಡೆದಾಗ ಅವನು ಸರಿಯಾಗಿ ನೋಡಿದ. ಬೆಕ್ಕು ಬೆರಳ ತುದಿಯ ಮೇಲೆ ನಡೆಯುವ ಪ್ರಾಣಿ. ಗುಂಡಿ ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ಊರಿ, ದೊಡ್ಡವರ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಎಳೆದುಕೊಂಡು ಹೋಗುತ್ತಿತ್ತು. ಅವತ್ತು ಮುಚ್ಚಳದ ಊಟವನ್ನು ಅದು ಮೂಸಲೂ ಇಲ್ಲ. ತಿಂದೇ ತೀರುತ್ತಿದ್ದ ಬೆಕ್ಕು ತಟ್ಟೆಗೆ ಬೆನ್ನು ಹಾಕಿ ಕೂತು ವಾಂತಿ ಮಾಡಿತು. ದರ್ಜಿಯ ಕೈಯಿಂದ ಸೀಮೆಸುಣ್ಣ ಜಾರಿತು. ಯಾವ ಕಾನೂನೂ ನೆನಪಾಗಲಿಲ್ಲ. ಅಕ್ಕಾ ಎಂದು ಕೂಗಿದ.

ಇಬ್ಬರೂ ಬುಟ್ಟಿ ಹಿಡಿದು ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಗುಂಡಿಯನ್ನು ತಕ್ಕಡಿಯ ಮೇಲಿಟ್ಟು, ಹಳೆಯ ತೂಕ ನೋಡಿ, ಮತ್ತೆ ತಕ್ಕಡಿ ನೋಡಿದರು. ನೀರು ಎಷ್ಟು ಕುಡಿಯುತ್ತದೆ ಎಂದು ಕೇಳಿದರು. ದರ್ಜಿಗೆ ಗೊತ್ತಿರಲಿಲ್ಲ. ಮರಳಿನ ತಟ್ಟೆ ಎಷ್ಟು ಒದ್ದೆಯಾಗುತ್ತದೆ ಎಂದು ಕೇಳಿದರು. ಅದೂ ಗೊತ್ತಿರಲಿಲ್ಲ. ಹೊಟ್ಟೆಯ ಸುತ್ತಳತೆಯನ್ನು ಗೆರೆ ತಪ್ಪದೆ ಬಲ್ಲವನಿಗೆ ಬೇರೇನೂ ಗೊತ್ತಿರಲಿಲ್ಲ. ಎಲ್ಲದಕ್ಕೂ ಅಕ್ಕನೇ ಉತ್ತರ ಹೇಳಿದಳು. ಕೊನೆಗೆ ಡಾಕ್ಟರಮ್ಮ, ಇದೆಲ್ಲ ಯಾವಾಗಿನಿಂದ ಎಂದು ಕೇಳಿದರು.

ಅಕ್ಕ ಒಮ್ಮೆ ತಮ್ಮನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಈಗೀಗ, ಡಾಕ್ಟರೇ" ಅಂದಳು.

ಆ ಒಂದು ಸುಳ್ಳು ತನ್ನ ಮಾನ ಉಳಿಸಲು ಎಂದು ದರ್ಜಿಗೆ ತಕ್ಷಣ ಅರ್ಥವಾಯಿತು. ಬಾಯಿ ತೆರೆಯಬೇಕಾಗಿತ್ತು. ತೆರೆಯಲಿಲ್ಲ. ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ನಾಲ್ಕು ಜನರೆದುರು ಅಕ್ಕನ ಮಾನ ತೆಗೆದವನು ಅವನು, ಅವಳು ಇಲ್ಲಿ ಅವನದನ್ನು ಮುಚ್ಚುತ್ತಿದ್ದಳು.

"ನೋಡಿ, ಈಗೀಗ ಅಂದ್ರೆ ಕಾಲು ಇಷ್ಟು ಸೋತಿರಲ್ಲ," ಅಂದರು ಡಾಕ್ಟರಮ್ಮ. "ನಾನು ಬೈಯೋಕೆ ಕೇಳ್ತಿಲ್ಲ. ಔಷಧಿ ಕೊಡೋಕೆ ಕೇಳ್ತಿದ್ದೀನಿ. ಇದ್ದದ್ದು ಇದ್ದ ಹಾಗೆ ಹೇಳಿ."

ಆಗ ದರ್ಜಿ ಹೇಳಿದ. ಮಳೆ ಶುರುವಾಗುವ ಮುಂಚೆಯೇ ಬೋಗುಣಿ ಬರಿದಾಗುತ್ತಿತ್ತು ಎಂದ. ಅಕ್ಕ ಅಂದೇ ಹೇಳಿದ್ದಳು, ತಾನೇ ಕೇಳಲಿಲ್ಲ, ನಕ್ಕು ಬಾಯಿ ಮುಚ್ಚಿಸಿದೆ ಎಂದ. ಡಾಕ್ಟರಮ್ಮ ಬೆಕ್ಕಿನ ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದರು. ಉತ್ತರ ಬರುವವರೆಗೂ ಅಕ್ಕತಮ್ಮ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು, ನಡುವೆ ಬರಿಯ ಬುಟ್ಟಿ ಇತ್ತು.

ಸಕ್ಕರೆ ಕಾಯಿಲೆಯೇ. ಅದೂ ಕೈಮೀರಿ ಬೆಳೆದಿತ್ತು. ಅಷ್ಟಾದರೂ ದರ್ಜಿಯ ಮನಸ್ಸು ಒಪ್ಪಲಿಲ್ಲ. ಬೆಕ್ಕು ಸಿಹಿಯನ್ನೇ ಇಷ್ಟಪಡುವುದಿಲ್ಲವಲ್ಲ, ಸಕ್ಕರೆ ಎಲ್ಲಿಂದ ಬಂತು ಎಂದು ಕೇಳಿದ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಸಿಹಿ ತಿಂದರಷ್ಟೇ ಬರುವ ಕಾಯಿಲೆ ಇದಲ್ಲ. ಮೈ ಅತಿಯಾಗಿ ಬೆಳೆದು, ಓಡಾಟ ಇಲ್ಲದೆ, ವಯಸ್ಸೂ ಆಗುತ್ತ ಬಂದಾಗ ಬೆಕ್ಕಿನ ದೇಹದಲ್ಲಿ ಇನ್ಸುಲಿನ್ ಎಂಬುದು ತನ್ನ ಕೆಲಸ ನಿಲ್ಲಿಸಬಹುದು. ಅದು ಬೀಗದ ಕೈ ಇದ್ದ ಹಾಗೆ. ಅದಿಲ್ಲದಿದ್ದರೆ ತಿಂದದ್ದು ರಕ್ತದಲ್ಲೇ ಸುತ್ತುತ್ತದೆ, ಮೈಯೊಳಗೆ ಹೋಗುವುದಿಲ್ಲ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಅದರ ಜೊತೆ ನೀರೂ ಹೋಗುತ್ತದೆ, ಅದಕ್ಕೇ ಅಷ್ಟು ಬಾಯಾರಿಕೆ. ಇತ್ತ ಮೈ ಹಸಿವಿನಿಂದ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಹೆಚ್ಚು ದಿನ ಹೀಗಾದರೆ ಹಿಂಗಾಲಿನ ನರ ಸೋಲುತ್ತದೆ. ಕೊನೆಗೆ ರಕ್ತವೇ ಕೆಟ್ಟು ಊಟ ಬಿಟ್ಟು ವಾಂತಿ ಮಾಡುತ್ತದೆ.

"ನೀವು ಊಟ ಕಡಿಮೆ ಮಾಡಿದ್ದಕ್ಕೆ ಇವಳು ಇಳಿದದ್ದಲ್ಲ," ಅಂದರು. "ಊಟ ಇದ್ದೂ ಉಪವಾಸ ಇದ್ದಳು. ಅದಕ್ಕೇ ಅಷ್ಟು ಕೂಗ್ತಿದ್ದಳು."

ಆ ಮಾತು ದರ್ಜಿಗೆ ನಾಟಿತು. ಎಳೆದುಕೊಂಡ ಪರದೆ, ಅದರಾಚೆಯ ಕೂಗು, ಎಲ್ಲ ಒಟ್ಟಿಗೆ ನೆನಪಾಯಿತು. ಅದು ನಾಟಕ ಎಂದು ತಾನು ನಕ್ಕಿದ್ದೂ ನೆನಪಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆಯಿದೆ. ಈ ಮನೆಯಲ್ಲಿ ಕಣ್ಣು ಮುಚ್ಚಿಕೊಂಡದ್ದು ಬೆಕ್ಕಲ್ಲ.

ಗುಂಡಿ ಕೆಲವು ದಿನ ಆಸ್ಪತ್ರೆಯ ಗೂಡಿನಲ್ಲಿ, ಕಾಲಿಗೆ ಸಲೈನಿನ ನಳಿಗೆ ಕಟ್ಟಿಸಿಕೊಂಡು ಮಲಗಿತ್ತು. ಉಳಿಯುತ್ತದೋ ಇಲ್ಲವೋ ಎಂದು ಯಾರೂ ಖಾತ್ರಿ ಕೊಡಲಿಲ್ಲ. ಅಕ್ಕ ಕೆಲಸದ ಬಟ್ಟೆಯನ್ನು ಅಲ್ಲಿಗೇ ಒಯ್ದು ಗೂಡಿನ ಪಕ್ಕ ಕೂತು ಕಾಜಾ ಮಾಡಿದಳು. ದರ್ಜಿ ಆ ವಾರ ಕತ್ತರಿಸಿದ ಎರಡು ಅಂಗಿಗಳ ತೋಳು ಹೆಚ್ಚುಕಡಿಮೆಯಾದವು. ಗಡಿಯಾರದವನು ಬಂದು ಬೆಕ್ಕಿನ ಸುದ್ದಿ ಕೇಳಿ, ಅವತ್ತು ತಾನೂ ನಗಬಾರದಿತ್ತು ಎಂದು ತಲೆ ಕೆರೆದುಕೊಂಡು ಹೋದ.

ಅಂತೂ ಗುಂಡಿ ಉಳಿಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿಕೊಟ್ಟರು. ಈ ಸಲ ದರ್ಜಿ ಬುಟ್ಟಿ ಮುಟ್ಟದೆ ಪೂರ್ತಿ ಕೇಳಿಸಿಕೊಂಡ. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಚುಚ್ಚುಮದ್ದು, ದಿನವೂ ಅದೇ ಹೊತ್ತಿಗೆ. ಮೊದಲು ಊಟ, ಆಮೇಲೆ ಸೂಜಿ. ಹಾಲು, ಬ್ರೆಡ್ಡು, ಬಿಸ್ಕತ್ತು ಬಂದ್, ಮಾಂಸದ ಅಂಶ ಹೆಚ್ಚಿರುವ ಊಟವನ್ನು ಅವರು ಹೇಳಿದಷ್ಟೇ ಹಾಕಬೇಕು. ಒಂದು ಹೊತ್ತು ಚುಚ್ಚಿದೆವೋ ಇಲ್ಲವೋ ಎಂದು ಅನುಮಾನ ಬಂದರೆ ಮತ್ತೆ ಚುಚ್ಚಲೇಬಾರದು, ಫೋನು ಮಾಡಬೇಕು. ಸಕ್ಕರೆ ಹೆಚ್ಚಾದರೆ ನಿಧಾನವಾಗಿ ಕೊಲ್ಲುತ್ತದೆ, ಕಡಿಮೆಯಾದರೆ ಗಳಿಗೆಯಲ್ಲಿ ಕೊಲ್ಲುತ್ತದೆ. ಬೆಕ್ಕು ತೂರಾಡಿದರೆ, ನಡುಗಿದರೆ, ಕರೆದರೂ ನೋಡದೆ ಸೋತು ಬಿದ್ದರೆ, ಸಕ್ಕರೆ ನೀರನ್ನೋ ಜೇನನ್ನೋ ಬೆರಳಿಂದ ಅದರ ವಸಡಿಗೆ ಸವರಿ ಕೂಡಲೇ ಆಸ್ಪತ್ರೆಗೆ ತರಬೇಕು. ಬಾಯಿಗೆ ಸುರಿಯಬಾರದು.

ಅಕ್ಕನ ಮಾತ್ರೆಯನ್ನೇ ಸ್ವಲ್ಪ ಮುರಿದು ಕೊಟ್ಟರೆ ಈ ಸೂಜಿಯ ತಾಪತ್ರಯ ತಪ್ಪುವುದಿಲ್ಲವೇ ಎಂದು ದರ್ಜಿ ಕೇಳಿದ. ಹಳೆಯ ಬುದ್ಧಿ ಅಷ್ಟು ಬೇಗ ಎಲ್ಲಿ ಹೋಗುತ್ತದೆ. ಅಕ್ಕನ ಔಷಧಿ ಅಕ್ಕನಿಗೆ, ಬೆಕ್ಕಿನದು ಬೆಕ್ಕಿಗೆ, ಒಬ್ಬರ ಅಂಗಿ ಇನ್ನೊಬ್ಬರಿಗೆ ಕೂರುತ್ತದೆಯೇ ಎಂದರು ಡಾಕ್ಟರಮ್ಮ. ದರ್ಜಿಗೆ ಅರ್ಥವಾಗುವ ಭಾಷೆ ಅದು.

ಹುಟ್ಟಿದಾಗಿನಿಂದ ಸೂಜಿ ಹಿಡಿದವನು ಈ ಸೂಜಿಯನ್ನು ಎರಡು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಂಡ. ಮೊದಲ ಸಂಜೆ ಹೆಂಡತಿ ಗುಂಡಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದಳು. ಭುಜದ ಹತ್ತಿರದ ಸಡಿಲ ಚರ್ಮವನ್ನು ಗುಡಾರದ ಹಾಗೆ ಎತ್ತಿ, ಅದರ ಬುಡಕ್ಕೆ ಚುಚ್ಚಬೇಕು ಎಂದು ಅಕ್ಕ ತೋರಿಸಿದಳು. ಬಟ್ಟೆಯ ಮಡಿಕೆ ಎತ್ತಿ ಹಿಡಿಯುವವನಿಗೆ ಇದೇನು ಮಹಾ ಎಂದು ಧೈರ್ಯ ಕೊಟ್ಟಳು. ಗುಂಡಿ ಮಿಸುಕಲೂ ಇಲ್ಲ. ಅಷ್ಟು ಸುಲಭ ಅದು. ಇಷ್ಟು ಸುಲಭದ್ದನ್ನು ಮಳೆಗಾಲದ ಮುಂಚೆಯೇ ಶುರು ಮಾಡಬಹುದಿತ್ತಲ್ಲ ಎಂದು ದರ್ಜಿಗೆ ಅಳು ಬಂತು, ಮುಖ ತಿರುಗಿಸಿಕೊಂಡ.

ದಿನ ಕಳೆದವು. ಬೋಗುಣಿಯ ನೀರು ಉಳಿಯತೊಡಗಿತು, ಕೂದಲಿಗೆ ಹೊಳಪು ಬಂತು, ಆಸ್ಪತ್ರೆಯ ತಕ್ಕಡಿಯಲ್ಲಿ ತೂಕ ಹೇಗಿರಬೇಕೋ ಹಾಗೆ ನಿಂತಿತು. ಟೇಪಿನಿಂದ ಬೆಕ್ಕನ್ನು ಅಳೆಯುವುದನ್ನು ದರ್ಜಿ ಬಿಟ್ಟ. ಆದರೆ ಹಿಂಗಾಲು ಪೂರ್ತಿ ಸರಿಹೋಗಲಿಲ್ಲ. ನೆಲದ ಮೇಲೆ ನಡೆಯುತ್ತದೆ, ಹಾರಲಾರದು. ಬೇಗ ತಂದಿದ್ದರೆ ಏನಾಗುತ್ತಿತ್ತು ಎಂದು ದರ್ಜಿ ಒಂದು ದಿನ ಕೇಳಿಯೇಬಿಟ್ಟ. ಡಾಕ್ಟರಮ್ಮ ಇದ್ದದ್ದನ್ನು ಹೇಳಿದರು. ಬೇಗ ತಂದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಕಾಲು ಸೋಲುವುದೇ ಇಲ್ಲ, ಕೆಲವಕ್ಕೆ ಸ್ವಲ್ಪ ಕಾಲದ ಮೇಲೆ ಇನ್ಸುಲಿನ್ನೇ ಬೇಡವಾಗುತ್ತದೆ. ಗುಂಡಿಗೆ ಆ ಅವಕಾಶ ದಾಟಿಹೋಗಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗಲೂ ಗುಂಡಿ ಮೇಜಿನ ಬುಡದಲ್ಲಿ ನಿಂತು ಮೇಲೆ ನೋಡುತ್ತದೆ. ಕೂಗುವುದಿಲ್ಲ. ದರ್ಜಿ ಕತ್ತರಿ ಇಟ್ಟು, ಬಗ್ಗಿ, ಎತ್ತಿ ಬಟ್ಟೆಯ ಪಕ್ಕ ಕೂರಿಸುತ್ತಾನೆ.

ಬೆಕ್ಕಿನ ಕಾಲಾದರೂ ಕಣ್ಣಿಗೆ ಕಾಣುತ್ತದೆ. ಇನ್ನೊಂದು ನೋವು ಅವನಿಗೆ ತಡವಾಗಿ ತಿಳಿಯಿತು. ಅವನು ಅಕ್ಕನ ಹತ್ತಿರ ಕ್ಷಮೆ ಕೇಳಿದ್ದ. ಬಿಡು, ಆಗಿದ್ದು ಆಯಿತು ಎಂದು ಅವಳು ತಲೆ ಸವರಿದ್ದಳು. ಕೋಪ ಅವಳಲ್ಲಿ ಚೂರೂ ಇರಲಿಲ್ಲ. ಆದರೆ ಆ ಭಾನುವಾರದಿಂದೀಚೆಗೆ ಅಕ್ಕನಿಗೆ ಒಂದು ಅಭ್ಯಾಸ ಬಂದಿತ್ತು. ಏನಾದರೂ ತಪ್ಪು ಕಂಡರೆ, ಕಾಲರು ಓರೆಯಾಗಿರಲಿ, ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ಮೊದಲಿನ ಹಾಗೆ ನೇರ ಹೇಳುವುದಿಲ್ಲ. "ಒಂದು ಮಾತು ಹೇಳಲಾ?" ಎಂದು ಕೇಳುತ್ತಾಳೆ. ಹ್ಞೂಂ ಎಂದ ಮೇಲೇ ಹೇಳುತ್ತಾಳೆ. ಎಳವೆಯಲ್ಲಿ ಅವನ ಕಿವಿ ಹಿಂಡಿ ಸೂಜಿಗೆ ದಾರ ಪೋಣಿಸಲು ಕಲಿಸಿದವಳು, ಈಗ ಅವನ ಹತ್ತಿರ ಮಾತಿಗೆ ಅಪ್ಪಣೆ ಕೇಳುತ್ತಾಳೆ. ಕೇಳಬೇಡ ಅಕ್ಕಾ, ಹೇಳಿಬಿಡು ಎಂದು ಅವನು ಎಷ್ಟು ಸಲ ಅಂದಿದ್ದಾನೋ. ಆಗಲಿ ಎನ್ನುತ್ತಾಳೆ, ಮರುದಿನ ಮತ್ತೆ ಕೇಳುತ್ತಾಳೆ.

ಮೊನ್ನೆ ಸಂಜೆ ದರ್ಜಿ ಚುಚ್ಚುಮದ್ದು ಸಿದ್ಧ ಮಾಡಿಕೊಂಡು ಬಂದ. ಅಂಗಡಿ ತುಂಬ ಗಿರಾಕಿಗಳಿದ್ದರು. ಕಿಟಕಿಯ ಹತ್ತಿರದಿಂದ ಅಕ್ಕ ಅಂದಳು.

"ತಮ್ಮಾ, ಒಂದು ಮಾತು ಹೇಳಲಾ?"

ದರ್ಜಿ ಎಲ್ಲರಿಗೂ ಸುಮ್ಮನಿರಿ ಎಂದು ಕೈ ತೋರಿಸಿದ. ಹೆಂಡತಿಯ ಮಿಷನ್ನು ನಿಂತಿತು.

"ಹೇಳಕ್ಕಾ."

"ಅವಳು ಇವತ್ತು ತಟ್ಟೇಲಿ ಅರ್ಧ ಬಿಟ್ಟಿದ್ದಾಳೆ. ಸೂಜಿ ಹಾಕೋ ಮುಂಚೆ ಡಾಕ್ಟರನ್ನ ಕೇಳ್ತೀಯಾ?"

ಅವನು ಸೂಜಿ ಕೆಳಗಿಟ್ಟು ಅಲ್ಲೇ ಫೋನು ಮಾಡಿದ. ಒಳ್ಳೆಯದಾಯಿತು ಕೇಳಿದ್ದು, ಊಟ ಪೂರ್ತಿ ಇಲ್ಲದೆ ಎಂದಿನಷ್ಟೇ ಚುಚ್ಚಿದ್ದರೆ ಸಕ್ಕರೆ ಪಾತಾಳಕ್ಕಿಳಿಯುತ್ತಿತ್ತು ಎಂದು ಡಾಕ್ಟರಮ್ಮ ಆ ಹೊತ್ತಿಗೆ ಏನು ಮಾಡಬೇಕೆಂದು ಹೇಳಿದರು. ದರ್ಜಿ ಹಾಗೇ ಮಾಡಿದ. ಗುಂಡಿ ಸುರಕ್ಷಿತವಾಗಿ ಮಲಗಿತು. ನಮ್ಮ ಮನೆಯ ಡಾಕ್ಟರು ನಮ್ಮಕ್ಕನೇ ಎಂದು ಅವನು ಗಿರಾಕಿಗಳೆದುರು ಗಟ್ಟಿಯಾಗಿ ಹೇಳಿದ. ಅಕ್ಕ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, ಅವನು ಹಿಡಿದಿದ್ದ ಕೋಟಿನ ತೋಳು ನೋಡಿ, ಮತ್ತೆ ಅದೇ ಪ್ರಶ್ನೆ ಕೇಳಿದಳು.

ಓದುತ್ತಿರುವ, ಕೇಳುತ್ತಿರುವ ನೀವು, ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ ಇವತ್ತೇ ಅದರ ನೀರಿನ ಬಟ್ಟಲು ನೋಡಿ. ಮೊದಲಿಗಿಂತ ಬೇಗ ಬರಿದಾಗುತ್ತಿದೆಯೇ? ಮರಳು ಹೆಚ್ಚು ತೊಯ್ಯುತ್ತಿದೆಯೇ? ಚೆನ್ನಾಗಿ ತಿಂದೂ ಇಳಿಯುತ್ತಿದೆಯೇ? ಹಾಗಿದ್ದರೆ ಖುಷಿಪಡಬೇಡಿ, ತಡಮಾಡದೆ ಪ್ರಾಣಿಗಳ ಆಸ್ಪತ್ರೆಗೆ ಒಯ್ಯಿರಿ. ದಪ್ಪ ಬೆಕ್ಕನ್ನು ಖಂಡಿತ ಇಳಿಸಿ, ಆದರೆ ಡಾಕ್ಟರು ಹೇಳಿದ ಹಾಗೆ, ನಿಧಾನವಾಗಿ, ತಕ್ಕಡಿ ನೋಡಿಕೊಂಡು ಇಳಿಸಿ. ಒಂದು ದಿನ ಪೂರ್ತಿ ಊಟ ಬಿಟ್ಟ ಬೆಕ್ಕನ್ನು ಮನೆಯಲ್ಲಿ ಇಟ್ಟುಕೊಂಡು ಕಾಯಬೇಡಿ, ಅದರ ಪಿತ್ತಜನಕಾಂಗ ಕೆಡುತ್ತದೆ. ಕಾಯಿಲೆ ಇದೆ ಎಂದು ಗೊತ್ತಾದರೆ ಹೆದರಬೇಡಿ, ಬೇಗ ಹಿಡಿದರೆ ಅದು ನಿಮ್ಮ ಕೈಯಲ್ಲೇ ಇರುತ್ತದೆ.

ಬೆಕ್ಕಿಗೆ ಬಾಯಿ ಬಿಟ್ಟು ಹೇಳಲು ಬರುವುದಿಲ್ಲ. ಅದರ ಪರವಾಗಿ ಹೇಳುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅವರು ಹೇಳಿದಾಗ ನಗಬೇಡಿ. ಒಮ್ಮೆ ನಕ್ಕರೆ ಸಾಕು, ಆಮೇಲೆ ಅವರು ಜೀವನಪೂರ್ತಿ ಹೇಳಲಾ ಎಂದು ಕೇಳುತ್ತಾರೆ.